ಮೊದಲು ಮನೆ, ಆಮೇಲೆ ಚರಂಡಿ

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಮಣ್ಣು ಒರೆಸಿ ನೋಡಿದರೆ ಅಕ್ಷರ. ಶಾಸನ ಓದುವವರು ಓದಿ ಹೇಳಿದರು: ಇದು ಕ್ರಿ.ಶ. 750ರ ಸುಮಾರಿನದು, ಕಿತ್ತಯ್ಯ ಅನ್ನುವವನ ಹೆಸರಿರುವ ಕಲ್ಲು. ಕೆಂಪೇಗೌಡರು ಬೆಂಗಳೂರಿನ ಕೋಟೆ-ಪೇಟೆ ಕಟ್ಟಿದ್ದು 1537ರಲ್ಲಿ. ಅಂದ್ರೆ ಅದಕ್ಕೂ ಸುಮಾರು ಎಂಟುನೂರು ವರ್ಷ ಮೊದಲೇ ಹೆಬ್ಬಾಳದಲ್ಲಿ ಊರಿತ್ತು, ಜನ ಇದ್ದರು, ಕಲ್ಲಿನ ಮೇಲೆ ಅಕ್ಷರ ಕೆತ್ತುವವರಿದ್ದರು.

ಇನ್ನೊಂದು ನೋಡಿ. 'ಬೆಂಗಳೂರು' ಅನ್ನೋ ಹೆಸರು ಬರಹದಲ್ಲಿ ಮೊದಲು ಸಿಗೋದು ಎಲ್ಲಿ? ಮೆಜೆಸ್ಟಿಕ್‌ನಲ್ಲಲ್ಲ, ಚಿಕ್ಕಪೇಟೆಯಲ್ಲೂ ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ. ಗಂಗರ ಕಾಲದ ಕಲ್ಲು ಅದು. 'ಬೆಂಗುಳೂರ ಕಾಳಗ' ಅಂತ ಅದರಲ್ಲಿದೆ. ಸಾವಿರದ ನೂರು ವರ್ಷದ ಹಿಂದಿನ ಮಾತು.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾವು 'ಹೊರವಲಯ' ಅಂತ ಕರೆಯೋ ಊರುಗಳು ನಗರಕ್ಕಿಂತ ಹಳೆಯವು. ಹೆಬ್ಬಾಳ, ಬೇಗೂರು, ವರ್ತೂರು, ಯಲಹಂಕ, ಕೆಂಗೇರಿ. ಇವು ಖಾಲಿ ಜಾಗ ಆಗಿರಲಿಲ್ಲ. ಇವಕ್ಕೆ ಅವುಗಳದ್ದೇ ಯೋಜನೆ ಇತ್ತು. ಕೆರೆ ಎಲ್ಲಿ, ಗದ್ದೆ ಎಲ್ಲಿ, ಗೋಮಾಳ ಎಲ್ಲಿ, ಗುಂಡುತೋಪು ಎಲ್ಲಿ, ಮನೆ ಕಟ್ಟೋ ಗ್ರಾಮಠಾಣ ಎಲ್ಲಿ, ಎಲ್ಲಕ್ಕೂ ಲೆಕ್ಕ ಇತ್ತು. ನಾವು ಇವತ್ತು 'ಯೋಜನೆ ಇಲ್ಲದ ಬೆಳವಣಿಗೆ' ಅಂತ ಬಾಯಿ ಬಡಕೊಳ್ತೀವಲ್ಲ, ಅದರ ಇತಿಹಾಸ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಇದ್ದ ಯೋಜನೆಯನ್ನು ನಾವು ಅಳಿಸಿದ ಕಥೆ ಇದು.

ಊರ ಹೆಸರುಗಳನ್ನೇ ತಗೊಳ್ಳಿ. ಬೊಮ್ಮಸಂದ್ರ, ಸಿಂಗಸಂದ್ರ, ನಾಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ. ಈ 'ಸಂದ್ರ' ಅಂದರೇನು? ಸಮುದ್ರ. ಬೊಮ್ಮಸಮುದ್ರ ಬಾಯಲ್ಲಿ ಸವೆದು ಬೊಮ್ಮಸಂದ್ರ ಆಯ್ತು. ಕೆರೆಯನ್ನೇ ಸಮುದ್ರ ಅಂತ ಕರೆದ ಜನ ನಮ್ಮವರು. ಇಲ್ಲಿ ದೊಡ್ಡ ನದಿ ಇಲ್ಲ. ಬೆಂಗಳೂರು ಕೂತಿರೋದು ಒಂದು ದಿಬ್ಬದ ಮೇಲೆ, ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರ್ ಎತ್ತರದಲ್ಲಿ. ಬಿದ್ದ ಮಳೆ ಒಂದು ಕಡೆ ಅರ್ಕಾವತಿಯತ್ತ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಯತ್ತ ಇಳಿದು ಹೋಗುತ್ತೆ. ಹೋಗೋ ನೀರಿಗೆ ಅಡ್ಡ ಏರಿ ಕಟ್ಟಿ, ಒಂದು ಕೆರೆ ತುಂಬಿದರೆ ಕೋಡಿ ಹರಿದು ಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗೋ ಹಾಗೆ ಮಾಡಿದ್ದರು. ಆ ಕಾಲುವೆಯೇ ರಾಜಕಾಲುವೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳೋಕೆ ಊರಿಗೊಬ್ಬ ನೀರುಗಂಟಿ ಇದ್ದ. ಯಾವ ಪ್ರಾಧಿಕಾರವೂ ಇಲ್ಲದ ಕಾಲದಲ್ಲಿ ಇದು ನಡೆದಿತ್ತು.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಹಳೇ ಪೇಟೆಯಲ್ಲಿ ಗಾಳಿ ಆಡದ ಓಣಿಗಳಿದ್ದವು. 1898ರಲ್ಲಿ ಪ್ಲೇಗು ಬಂತು. ಸಾವಿರಾರು ಜನ ಸತ್ತರು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಬೆಂಗಳೂರಲ್ಲಿ ಇವತ್ತಿಗೂ ಪ್ಲೇಗಿನಮ್ಮನ ಗುಡಿಗಳಿವೆ. ಆ ಭಯದಿಂದ ಆಳುವವರು ಒಂದು ಪಾಠ ಕಲಿತರು. 1890ರ ದಶಕದಲ್ಲಿ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳನ್ನು ನೋಡಿ. ನೇರವಾದ ರಸ್ತೆ, ಅಡ್ಡರಸ್ತೆ, ಮನೆ ಮನೆಯ ನಡುವೆ ಗಾಳಿ, ಮಧ್ಯದಲ್ಲಿ ಪಾರ್ಕು. ಮನೆಗಳ ಹಿಂದೆ ಒಂದು ಸಣ್ಣ ಓಣಿ, ಕನ್ಸರ್ವೆನ್ಸಿ ಅಂತಾರೆ. ಹೊಲಸು ಮುಂಬಾಗಿಲಿನಿಂದ ಹೋಗಬಾರದು ಅನ್ನೋ ಲೆಕ್ಕದಲ್ಲಿ ಬಿಟ್ಟ ಜಾಗ ಅದು. ಆ ಹೊಲಸನ್ನು ಹೊತ್ತವರು ಯಾರು ಅನ್ನೋದು ಇನ್ನೊಂದು ನೋವಿನ ಕಥೆ, ಅದನ್ನು ಮರೆಯಬಾರದು. ಆದರೆ ಬಡಾವಣೆ ಮಾಡೋ ಕ್ರಮ ಅಲ್ಲಿ ಸ್ಪಷ್ಟವಾಗಿತ್ತು. ಮೊದಲು ಚರಂಡಿ, ಆಮೇಲೆ ಮನೆ.

ನೀರಿನಲ್ಲೂ ಅದೇ. 1890ರ ದಶಕದಲ್ಲೇ ಹೆಸರಘಟ್ಟ ಕೆರೆಯಿಂದ ಪೈಪಿನಲ್ಲಿ ನೀರು ತಂದರು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಊರು ಬೆಳೆಯುತ್ತೆ ಅಂತ ಮೊದಲೇ ಅಂದಾಜು ಮಾಡಿ ಓಡಿದರು.

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಜಯನಗರ, ರಾಜಾಜಿನಗರಗಳು ಆ ಕಾಲದವು. ಕಾರ್ಖಾನೆಗಳು ಕೂಡ ತಮ್ಮ ಊರನ್ನು ತಾವೇ ಕಟ್ಟಿಕೊಂಡವು. ಐಟಿಐ ಬಂದಾಗ ದೂರವಾಣಿನಗರ ಬಂತು. ಎಚ್‌ಎಂಟಿ, ಬಿಇಎಲ್ ಬಂದಾಗ ಜಾಲಹಳ್ಳಿಯಲ್ಲಿ ಕಾಲೋನಿ ಬಂತು. ಕ್ವಾರ್ಟರ್ಸು, ಸ್ಕೂಲು, ಆಸ್ಪತ್ರೆ, ಆಟದ ಮೈದಾನ. ನೌಕರಿ ಕೊಡುವವನು ಮನೆಯ ಯೋಚನೆಯನ್ನೂ ಮಾಡುತ್ತಿದ್ದ. ಆದರೆ ಕ್ಯಾಂಟೀನಿನವನಿಗೆ, ಗುತ್ತಿಗೆ ಕೂಲಿಯವನಿಗೆ, ಕಾಂಪೌಂಡಿನ ಆಚೆ ಟೀ ಅಂಗಡಿ ಇಟ್ಟವನಿಗೆ ಕ್ವಾರ್ಟರ್ಸ್ ಇರಲಿಲ್ಲ. ಅವನು ಪಕ್ಕದ ಹಳ್ಳಿಯಲ್ಲಿ ವಠಾರದ ಮನೆ ಹಿಡಿದ. ಹೊರವಲಯದ ಮೊದಲ ಬಾಡಿಗೆದಾರ ಅವನೇ.

ಹಾಗಾದರೆ ಹಳಿ ತಪ್ಪಿದ್ದು ಯಾವಾಗ? ಒಂದು ಅಂಕಿ ಹೇಳ್ತೀನಿ, ನೆನಪಿಟ್ಟುಕೊಳ್ಳಿ. 1971ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷ. 1981ರಲ್ಲಿ 29 ಲಕ್ಷ. ಹತ್ತೇ ವರ್ಷದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ. ಅದೇ ದಶಕದಲ್ಲಿ, 1976ರಲ್ಲಿ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಬಿಡಿಎ ಸೈಟು ಅಂದ್ರೆ ಲಾಟರಿ ಹೊಡೆದ ಹಾಗೆ. ಅರ್ಜಿ ಹಾಕೋದು, ಕಾಯೋದು, ಮತ್ತೆ ಅರ್ಜಿ ಹಾಕೋದು. ಎಷ್ಟನೇ ಸಲದ ಅರ್ಜಿ ಅನ್ನೋದೇ ಒಂದು ಅರ್ಹತೆ. ಕಾಯುವಷ್ಟು ಆಯುಷ್ಯ ಇಲ್ಲದವನು ಏನು ಮಾಡಬೇಕು?

ಅವನಿಗಾಗಿ ಒಂದು ಬೇರೆ ಅಂಗಡಿ ತೆರೆಯಿತು. ಅದರ ಹೆಸರು ರೆವಿನ್ಯೂ ಸೈಟು.

ಇದು ಹೇಗೆ ನಡೆಯುತ್ತೆ ಅಂತ ಬಿಡಿಸಿ ಹೇಳ್ತೀನಿ. ಒಬ್ಬ ರೈತನಿಗೆ ಎರಡು ಎಕರೆ ಇದೆ. ಅವನ ಜಮೀನಿಗೆ ಬಿಡಿಎ ನೋಟಿಫಿಕೇಶನ್ ಬರುತ್ತೆ ಅಂತ ಸುದ್ದಿ. ಸರ್ಕಾರದ ಪರಿಹಾರ ಕಮ್ಮಿ, ಅದು ಕೈಗೆ ಬರೋದು ಯಾವಾಗಲೋ, ಕೋರ್ಟು ಅಲೆದಾಟ ಬೇರೆ. ಅದೇ ಹೊತ್ತಿಗೆ ಬ್ರೋಕರ್ ಬರ್ತಾನೆ, ಕೈಯಲ್ಲಿ ಅಡ್ವಾನ್ಸ್ ಹಿಡಿದು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋ ಹಾಗಿಲ್ಲ ಅಂತ ಆಗ ಕಾನೂನು, ಆ ನಿರ್ಬಂಧ 2020ರವರೆಗೂ ಇತ್ತು. ಅದಕ್ಕೆ ಜಿಪಿಎ ಅನ್ನೋ ಕಾಗದ. ಜಮೀನು ರೈತನ ಹೆಸರಲ್ಲೇ, ಮಾರೋ ಅಧಿಕಾರ ಇವನಿಗೆ. ಆಮೇಲೆ ಹೊಲದ ಮೇಲೆ ಸುಣ್ಣದ ಗೆರೆ. ಮೂಲೆಗೊಂದು ಕಲ್ಲು. 30×40, 20×30. ಮುಂದೊಂದು ಆರ್ಚು, ದೇವರ ಹೆಸರು. ರಸ್ತೆ ಅಂತ ಬಿಟ್ಟಿದ್ದು ಒಂದು ಎತ್ತಿನಗಾಡಿ ಹೋಗುವಷ್ಟು. ಪಾರ್ಕು? ಅದೂ ಸೈಟೇ. ಕಾಲುವೆ? ಅದು ಕಾರ್ನರ್ ಸೈಟು!

ಭೂಪರಿವರ್ತನೆ ಆಗಿಲ್ಲ, ನಕ್ಷೆಗೆ ಮಂಜೂರಾತಿ ಇಲ್ಲ. ಆದರೆ ಕೊಂಡವನಿಗೆ ಯಾರೂ ಬೇಡ ಅನ್ನಲಿಲ್ಲ. ಇಲ್ಲೇ ನನಗೆ ಸಿಟ್ಟು ಬರೋದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡು ಕ್ರಯಪತ್ರ ಮಾಡಿಕೊಟ್ಟರು. ಪಂಚಾಯ್ತಿಯಲ್ಲಿ ಕಂದಾಯ ಕಟ್ಟಿಸಿಕೊಂಡರು. ಕರೆಂಟಿನ ಮೀಟರ್ ಕೊಟ್ಟರು. ರೇಷನ್ ಕಾರ್ಡು ಕೊಟ್ಟರು. ಎಲೆಕ್ಷನ್ ಬಂದಾಗ ಅದೇ ವಿಳಾಸದ ಮನೆ ಮುಂದೆ ಕೈ ಮುಗಿದು ನಿಂತರು. ಸರ್ಕಾರದ ಐದು ಕಿಟಕಿಯಲ್ಲಿ 'ಆಗಲಿ' ಅಂದ ಮೇಲೆ ಆರನೇ ಕಿಟಕಿಯಲ್ಲಿ ಕೂತವನು ಹೇಳ್ತಾನೆ, 'ನಿಮ್ದು ಅಕ್ರಮ ಸ್ವಾಮಿ.'

ನಮ್ಮ ಸ್ಟುಡಿಯೋಗೆ ಇಂಥ ಫೋನುಗಳು ಬರುತ್ತಲೇ ಇರ್ತವೆ. ಪಿಎಫ್ ದುಡ್ಡು ತೆಗೆದವರು, ಊರಿನ ಜಮೀನು ಮಾರಿ ಬಂದವರು, ಹೆಂಡತಿ ಮಾಂಗಲ್ಯದ ಸರ ಅಡವಿಟ್ಟವರು. ಎಲ್ಲರ ಪ್ರಶ್ನೆ ಒಂದೇ: 'ಸಾರ್, ರಿಜಿಸ್ಟ್ರೇಷನ್ ಆಗಿದೆಯಲ್ಲ, ಮತ್ತೆ ಹೆಂಗೆ ಅಕ್ರಮ?' ರಿಜಿಸ್ಟ್ರೇಷನ್ ಅಂದ್ರೆ ವ್ಯವಹಾರ ದಾಖಲಾಯಿತು ಅಂತ ಅಷ್ಟೇ, ಬಡಾವಣೆ ಕಾನೂನುಬದ್ಧ ಅಂತಲ್ಲ. ಈ ಉತ್ತರ ಕಾನೂನಿನ ಪ್ರಕಾರ ಸರಿ. ಆದರೆ ಅದನ್ನು ಹೇಳೋವಾಗ ನನ್ನ ಬಾಯಿ ಕಹಿಯಾಗುತ್ತೆ. ಯಾಕಂದ್ರೆ ಈ ಮಾತನ್ನು ಹೇಳಬೇಕಾಗಿದ್ದು ಟಿವಿಯವನಲ್ಲ. ದುಡ್ಡು ಕಟ್ಟಿಸಿಕೊಳ್ಳೋ ದಿನವೇ ಕಿಟಕಿಯಲ್ಲಿ ಕೂತವನು ಹೇಳಬೇಕಿತ್ತು.

ಬಡವರು, ಮಧ್ಯಮವರ್ಗದವರು ಮಾತ್ರ ಹೀಗೆ ಮಾಡಿದ್ದಾ? ಇಲ್ಲ. 2007ರಲ್ಲಿ ಎ.ಟಿ. ರಾಮಸ್ವಾಮಿ ನೇತೃತ್ವದ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿಯ ಕಥೆಯನ್ನು ವಿಧಾನಮಂಡಲದ ಮುಂದಿಟ್ಟಿತು. ಗೋಮಾಳ, ಕೆರೆ ಅಂಗಳ, ಖರಾಬು ನುಂಗಿದವರಲ್ಲಿ ಪ್ರಭಾವಿಗಳು ಸಾಲುಗಟ್ಟಿದ್ದರು. ವರದಿ ಬಂತು, ಚರ್ಚೆ ಆಯ್ತು. ಆಮೇಲೆ? ಆಮೇಲೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ.

ಇತ್ತ ಬಿಡಿಎ ಏನು ಮಾಡ್ತಿತ್ತು? 2003ರಲ್ಲಿ ಅರ್ಕಾವತಿ ಬಡಾವಣೆಗೆ 16 ಹಳ್ಳಿಗಳಲ್ಲಿ ನೋಟಿಫಿಕೇಶನ್ ಹೊರಡಿಸಿತು. ಕೇಸು, ಡಿನೋಟಿಫಿಕೇಶನ್, ಮತ್ತೆ ಕೇಸು. 2008ರಲ್ಲಿ ಶಿವರಾಮ ಕಾರಂತ ಬಡಾವಣೆಯ ಪ್ರಾಥಮಿಕ ಅಧಿಸೂಚನೆ. ಅದೂ ಕೋರ್ಟು ಹತ್ತಿತು. ಮುಂದುವರಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಹತ್ತು ವರ್ಷ! ಹತ್ತು ವರ್ಷ ಜಮೀನು ಸುಮ್ಮನೆ ಇರುತ್ತಾ? ಆ ಹೊತ್ತಿಗೆ ಅಲ್ಲಿ ಮನೆಗಳೇ ಎದ್ದಿದ್ದವು. ಅಧಿಸೂಚನೆ ನಂಬಿ ಸುಮ್ಮನಿದ್ದವನು ಮೂರ್ಖನಾದ, ನಂಬದೆ ಕಟ್ಟಿದವನು ಜಾಣನಾದ. ಯೋಜನೆ ತಡವಾದರೆ ಅದು ಬರೀ ತಡವಲ್ಲ. ಅಕ್ರಮಕ್ಕೆ ಕೊಟ್ಟ ಸಬ್ಸಿಡಿ.

ಈ ಮಧ್ಯೆ ನಗರದ ಗಡಿಯೇ ಜಿಗಿಯಿತು. 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾದಾಗ ಅದು ಹೊಸೂರು ರಸ್ತೆಯ ಒಂದು ದೂರದ ಮೂಲೆ. 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐಟಿ ಪಾರ್ಕ್ ಬಂತು, 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ. ಕೆಲಸ ಮೂರು ದಿಕ್ಕಿಗೆ ಓಡಿತು. ಮನೆ ಅದರ ಹಿಂದೆ ಓಡಿತು. ಬಸ್ಸು, ನೀರು, ಒಳಚರಂಡಿ ಮಾತ್ರ ಹಳೇ ಊರಲ್ಲೇ ಉಳಿದವು. 2007ರಲ್ಲಿ ಸರ್ಕಾರ ಹಳೇ ಮಹಾನಗರ ಪಾಲಿಕೆಯ ಜೊತೆ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿತು. ಒಂದೇ ಏಟಿಗೆ ಊರು ಮೂರು ಪಟ್ಟು. ಕಾಗದದ ಮೇಲೆ ಆವತ್ತೇ ಆ ಹಳ್ಳಿಗಳು ಬೆಂಗಳೂರು. ಆದರೆ ನೀರು?

110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್ 16ಕ್ಕೆ. ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಲೆಕ್ಕ ಹಾಕಿ. 2007ರಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದ ಮಗು 2024ಕ್ಕೆ ಪಿಯುಸಿ ಓದುತ್ತಿರುತ್ತೆ. ಅಲ್ಲಿವರೆಗೆ ಆ ಮನೆ ಟ್ಯಾಂಕರ್ ನೀರು ಕುಡಿದಿದೆ. ಅದೇ 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು. ಹೆಸರಿನಲ್ಲಿ ಸಮುದ್ರ ಇದ್ದ ಊರಲ್ಲಿ ಬಿಂದಿಗೆ ಹಿಡಿದು ಕ್ಯೂ ನಿಂತರು.

ಬೇಸಿಗೆಯಲ್ಲಿ ನೀರಿಲ್ಲ. ಮಳೆಗಾಲದಲ್ಲಿ? 2016ರ ಜುಲೈ ಕೊನೆಯಲ್ಲಿ ಕೋಡಿಚಿಕ್ಕನಹಳ್ಳಿಯ ಬೀದಿಗಳಲ್ಲಿ ದೋಣಿ ಓಡಿತು. ಜನ ರಸ್ತೆಯಲ್ಲಿ ಮೀನು ಹಿಡಿದರು. ನಮ್ಮ ಚಾನೆಲ್‌ಗಳು ಅದನ್ನು ದಿನವಿಡೀ ತಮಾಷೆಯಂತೆ ತೋರಿಸಿದೆವು. ಒಬ್ಬರಾದರೂ ಊರ ಹೆಸರು ಗಮನಿಸಿದೆವಾ? ಕೋಡಿ! ಕೆರೆ ತುಂಬಿದಾಗ ನೀರು ಹೊರಗೆ ಹರಿಯೋ ಜಾಗಕ್ಕೆ ಕೋಡಿ ಅನ್ನೋದು. ಅಜ್ಜಂದಿರು ಊರಿನ ಹೆಸರಲ್ಲೇ ಬೋರ್ಡ್ ಹಾಕಿ ಹೋಗಿದ್ದರು. ನಾವು ಓದಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಕೋಟಿ ಬೆಲೆಯ ಮನೆಯವರೂ ಟ್ರ್ಯಾಕ್ಟರ್ ಹತ್ತಿ ಆಚೆ ಬಂದರು. ನೀರಿಗೆ ಕ್ರಯಪತ್ರ ಓದೋಕೆ ಬರಲ್ಲ. ಅದು ಹಳೇ ದಾರಿಯನ್ನೇ ಹಿಡಿಯುತ್ತೆ.

2016ರ ಪ್ರವಾಹದ ಮರುತಿಂಗಳು ಜೆಸಿಬಿಗಳು ಬಂದವು. ಹಳೇ ಗ್ರಾಮ ನಕಾಶೆ ಹಿಡಿದು ರಾಜಕಾಲುವೆ ಮೇಲಿನ ಮನೆಗಳನ್ನು ಒಡೆದರು. ಕೆಲವರು ಮನೆ ಮುಂದೆ ನಿಂತು ಕಾಗದ ತೋರಿಸಿ ಅತ್ತರು. ಕಟ್ಟೋಕೆ ಪರ್ಮಿಷನ್ ಕೊಟ್ಟ ಕಾಗದ, ಸಾಲ ಕೊಟ್ಟ ಕಾಗದ. ಕೆಲವೇ ವಾರದಲ್ಲಿ ಜೆಸಿಬಿ ಸದ್ದು ತಣ್ಣಗಾಯಿತು. ನನ್ನ ಪ್ರಶ್ನೆ ಸರಳ. ಆ ನಕಾಶೆ ಸರ್ಕಾರದ ಹತ್ತಿರ ಮೊದಲಿಂದ ಇತ್ತಲ್ಲ? ಒಡೆಯೋ ದಿನ ಕಂಡ ಗೆರೆ, ಪರ್ಮಿಷನ್ ಕೊಡೋ ದಿನ ಯಾಕೆ ಕಾಣಲಿಲ್ಲ?

ಇದಕ್ಕೆಲ್ಲ ನಮ್ಮ ಸರ್ಕಾರಗಳು ಕಂಡುಕೊಂಡ ಔಷಧ ಒಂದೇ: ಸಕ್ರಮ. ನಗರಗಳ ಅನಧಿಕೃತ ಕಟ್ಟಡಗಳನ್ನು ಸಕ್ರಮ ಮಾಡೋಕೆ 1991ರಲ್ಲೇ ಒಂದು ಕಾಯ್ದೆ ಬಂತು. 2007ರಲ್ಲಿ ಮತ್ತೊಂದು ತಿದ್ದುಪಡಿ, ಅದೇ ಪ್ರಸಿದ್ಧ ಅಕ್ರಮ-ಸಕ್ರಮ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇನ್ನೊಂದು ಕಡೆ ಬಿ ಖಾತೆ. ತೆರಿಗೆ ತಗೊಳ್ತೀವಿ, ಆದರೆ ಹಕ್ಕು ಒಪ್ಪಲ್ಲ ಅನ್ನೋ ವಿಚಿತ್ರ ಪುಸ್ತಕ. ಈಗ ಬಿ ಖಾತೆಯನ್ನು ಎ ಖಾತೆ ಮಾಡಿಕೊಡುವ ಯೋಜನೆ ಬಂದಿದೆ. ದುಡ್ಡು ಕಟ್ಟಿದರೆ ಕಾಗದ ಸರಿಹೋಗಬಹುದು. ಮನೆ ಮುಂದಿನ ರಸ್ತೆ ಹತ್ತಡಿಯಿಂದ ಮೂವತ್ತಡಿ ಆಗುತ್ತಾ? ಬೆಂಕಿ ಬಿದ್ದರೆ ಫೈರ್ ಇಂಜಿನ್ ಒಳಗೆ ಬರುತ್ತಾ? ಕಾಗದದ ಅಕ್ರಮವನ್ನು ಕಾಗದದಿಂದ ಸರಿ ಮಾಡಬಹುದು. ನೆಲದ ಮೇಲಿನ ಅಕ್ರಮವನ್ನು ನೆಲದ ಮೇಲೇ ಸರಿ ಮಾಡಬೇಕು.

ಹಾಗಂತ ಲಕ್ಷಾಂತರ ಮನೆ ಒಡೆಯಿರಿ ಅಂತ ಹೇಳುವಷ್ಟು ಕಟುಕ ನಾನಲ್ಲ. ಕಟ್ಟಿದ ಮನೆಯಲ್ಲಿ ಜನ ಇದ್ದಾರೆ, ಅವರಿಗೆ ಹಕ್ಕು ಕೊಡಲೇಬೇಕು. ನಾನು ಕೇಳೋದು ಇಷ್ಟೇ. ಸಕ್ರಮಕ್ಕೆ ಅಂತ ಅವರಿಂದ ತಗೊಂಡ ದುಡ್ಡು ಅದೇ ಬಡಾವಣೆಯ ಚರಂಡಿಗೆ, ಅದೇ ಬಡಾವಣೆಯ ನೀರಿನ ಪೈಪಿಗೆ ಹೋಗಲಿ. ಅಕ್ರಮ ಅಂತ ದಂಡ ಹಾಕುವುದಾದರೆ ಸೈಟು ಕೊಂಡವನಿಗೆ ಮಾತ್ರ ಯಾಕೆ? ಸುಣ್ಣದ ಗೆರೆ ಎಳೆದವನಿಗೆ ಎಷ್ಟು, ಕಣ್ಣು ಮುಚ್ಚಿ ಸೀಲು ಹಾಕಿದವನಿಗೆ ಎಷ್ಟು ಅಂತಲೂ ಹೇಳಲಿ. ಮೂರು ಜನ ಸೇರಿ ಮಾಡಿದ ತಪ್ಪಿಗೆ ಒಬ್ಬನೇ ಬಡ್ಡಿ ಕಟ್ಟುತ್ತಾ ಬಂದಿದ್ದಾನೆ.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಇದ್ದ ಒಂದು ಪಾಲಿಕೆ ಐದಾಯಿತು. ಬೋರ್ಡು ಬದಲಾಯಿಸೋದರಲ್ಲಿ ನಮ್ಮನ್ನು ಮೀರಿಸೋರಿಲ್ಲ. ಬೋರ್ಡು ಬರೆಯೋ ಹೊತ್ತಿನಲ್ಲಿ ನೀವು ಹೊಸಕೋಟೆ ಕಡೆ ಹೋಗಿ ಬನ್ನಿ. ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರ, ಮಾಗಡಿ ಕಡೆ ಹೋಗಿ. ಈ ಊರುಗಳನ್ನು ಪೋಣಿಸೋ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಆಗ್ತಿದೆ. ರಸ್ತೆ ಬರೋದಕ್ಕೆ ಮೊದಲೇ ಆರ್ಚುಗಳು ಬಂದಿವೆ. ರಾಗಿ ಹೊಲದಲ್ಲಿ ಬಣ್ಣದ ಬಾವುಟ, ನಿಂಬೆಹಣ್ಣಿನ ಶರಬತ್ತು, 'ಏರ್‌ಪೋರ್ಟ್‌ಗೆ ಬರೀ ಇಷ್ಟೇ ನಿಮಿಷ' ಅನ್ನೋ ಫ್ಲೆಕ್ಸು. ಈ ಇಡೀ ಪ್ರದೇಶದ ಯೋಜನೆ ನೋಡಿಕೊಳ್ಳಬೇಕು ಅಂತಲೇ 1985ರಲ್ಲಿ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ ಕಾಯ್ದೆ ಮಾಡಿದ್ದೇವೆ. ನಲವತ್ತು ವರ್ಷವಾಯಿತು. ಹಾಗಾಗಿ ಕಾನೂನು ಇರಲಿಲ್ಲ, ಗೊತ್ತಿರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಅಲ್ಲಿ ಇನ್ನೂ ಕಾಲ ಮಿಂಚಿಲ್ಲ. ಕೆರೆಗಳಿವೆ, ಕಾಲುವೆಗಳಿವೆ. ತೂಬು ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸೋ ಮುದುಕರು ಇನ್ನೂ ಬದುಕಿದ್ದಾರೆ. ಮೊದಲು ಅವರನ್ನು ಕರೆದುಕೊಂಡು ಹೋಗಿ ಕಾಲುವೆಗೆ ಕಲ್ಲು ನೆಡಿ. ಆಮೇಲೆ ರಸ್ತೆಗೆ ನೆಡಿ. ಸೈಟಿನ ಕಲ್ಲು ಕೊನೆಗೆ ನೆಡಿ. 1898ರಲ್ಲಿ ಪ್ಲೇಗು ಕಲಿಸಿದ ಪಾಠ ಇಷ್ಟೇ ಇತ್ತು. ಅದನ್ನು ಕಲಿಯೋಕೆ ಇನ್ನೊಂದು ಪ್ಲೇಗು ಬೇಕಾ?

ನೀವೂ ಅಷ್ಟೇ. ಈ ಭಾನುವಾರ ಸೈಟು ನೋಡೋಕೆ ಹೋಗುವವರಿದ್ದರೆ ಒಂದು ಕೆಲಸ ಮಾಡಿ. ಏಜೆಂಟ್ ಕೊಡೋ ಬಣ್ಣದ ಬ್ರೋಷರ್ ಪಕ್ಕಕ್ಕಿಟ್ಟು ಗ್ರಾಮ ನಕಾಶೆ ಕೇಳಿ. ಆ ಊರಿನ ಹೆಸರನ್ನು ಒಮ್ಮೆ ನಿಧಾನವಾಗಿ ಬಾಯಿ ಬಿಟ್ಟು ಹೇಳಿ ನೋಡಿ. ಅದರಲ್ಲಿ ಕೆರೆ ಇದೆಯಾ, ಸಂದ್ರ ಇದೆಯಾ, ಕೋಡಿ ಇದೆಯಾ? ಇದ್ದರೆ ಊರಿನ ಯಾವುದಾದರೂ ಜಗಲಿಯ ಮೇಲೆ ಕೂತ ಅಜ್ಜನನ್ನು ಕೇಳಿ: 'ಅಜ್ಜಾ, ಮಳೆ ಬಂದ್ರೆ ನೀರು ಯಾವ ಕಡೆ ಹೋಗುತ್ತೆ?' ಅವನು ತೋರಿಸಿದ ಕಡೆ ನಿಮ್ಮ ಸೈಟು ಇದ್ದರೆ, ಅಡ್ವಾನ್ಸ್ ಕೊಡದೆ ಮನೆಗೆ ವಾಪಸ್ ಬನ್ನಿ.